ನಮ್ಮ ಮನೆಗೆ ಬಾರದ ಪ್ರಥಮ ಪುರುಷ

ನನ್ನ ಹೆಂಡತಿಯನ್ನು ನಾನು ಮೊದಲು ನೋಡಿದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ, ಪುಸ್ತಕ ಕೊಡುವ ಮೇಜಿನ ಹಿಂದೆ. (ಆಗ ಅವಳು ಇನ್ನೂ ನನ್ನ ಹೆಂಡತಿಯಾಗಿರಲಿಲ್ಲವಾದ್ದರಿಂದ ಈ ವಾಕ್ಯದಲ್ಲೊಂದು ಕಾಲದೋಷವಿದೆ. ಓದುಗರು ಕ್ಷಮಿಸಬೇಕು.) ಅವಳ ತಲೆಯ ಮೇಲೆ ಗೋಡೆಯಲ್ಲಿ 'ಶಬ್ಧ ಮಾಡಬಾರದು' ಎಂಬ ಫಲಕವಿತ್ತು. ನಾನು ವ್ಯಾಕರಣದ ಮೇಷ್ಟರು, ಸುಮ್ಮನಿರುವುದು ಹೇಗೆ?

"ಶಬ್ದದಲ್ಲಿ ಮಹಾಪ್ರಾಣವಿಲ್ಲ. ಬಕಾರಕ್ಕೆ ದಕಾರವೇ ಒತ್ತು" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಅವಳು ತಲೆಯೆತ್ತದೆ ಹೇಳಿದಳು: "ಬೋರ್ಡು ಓದಿದ್ರಲ್ಲ ಸಾರ್? ಅಷ್ಟು ಸಾಕು. ಶಬ್ದ ಮಾಡಬೇಡಿ."

ಆಮೇಲೆ ನಾನು ಹೆಸರು ಮರೆತ ಒಂದು ಪುಸ್ತಕವನ್ನು ಕೇಳಿದೆ. ಕರ್ತೃ ಯಾರೆಂದೂ ನೆನಪಿರಲಿಲ್ಲ. ಅದರಲ್ಲಿ ಸಮಾಸದ ಮೇಲೊಂದು ಒಳ್ಳೆಯ ಅಧ್ಯಾಯವಿದೆ ಎಂಬುದಷ್ಟೇ ಗೊತ್ತು. "ನೀಲಿ ರಟ್ಟು, ಬೆನ್ನು ಹರಿದಿದೆ. ಮೂರನೇ ಕಪಾಟು, ಕೆಳಗಿಂದ ಎರಡನೇ ಸಾಲು" ಎಂದಳು, ಕೂತಲ್ಲಿಂದಲೇ. ಹನ್ನೊಂದು ಸಾವಿರ ಪುಸ್ತಕಗಳನ್ನು ಅವಳು ತಲೆಯಲ್ಲಿಟ್ಟುಕೊಂಡಿದ್ದಳು. ನಾನು ಮದುವೆಯಾದದ್ದು ಆ ನೆನಪಿನ ಶಕ್ತಿಯನ್ನು. ಇಪ್ಪತ್ತೇಳು ವರ್ಷಗಳಿಂದ ನಾನು ಆಡಿದ ಒಂದೊಂದು ಮಾತನ್ನೂ ತಾರೀಖಿನ ಸಮೇತ ಅದು ನನಗೆ ಹಿಂತಿರುಗಿಸುತ್ತ ಬಂದಿದೆ.

ನನ್ನ ವಿಷಯ ಹೇಳುವುದಾದರೆ, ಹುಟ್ಟಿನಿಂದ ನಾನು ಅನುಮಾನದ ಮನುಷ್ಯನಲ್ಲ. ಮೂವತ್ತನಾಲ್ಕು ವರ್ಷ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಮಾಡಿದವನಿಗೆ ಅದು ವೃತ್ತಿಯಿಂದ ಅಂಟಿಕೊಂಡ ರೋಗ. ಯಾರಾದರೂ ಕೆಮ್ಮಿದರೆ ನನಗೆ ಕಾಣುವುದು ನೆಗಡಿಯಲ್ಲ, ಸಂಕೇತ. ನಿವೃತ್ತನಾದ ಮೇಲೆ ಕೊಠಡಿ ಹೋಯಿತು, ಕಣ್ಣು ಉಳಿಯಿತು. ಮನೆಯಲ್ಲಿ ಉಳಿದ ಏಕೈಕ ಪರೀಕ್ಷಾರ್ಥಿ ನನ್ನ ಹೆಂಡತಿ.

ಮೂರು ತಿಂಗಳಿಂದ ಅವಳ ನಡವಳಿಕೆ ಸರಿಯಿರಲಿಲ್ಲ. ಬೆಳಗಿನ ಜಾವ ಎದ್ದು ಕಿಟಕಿ ತೆರೆದು ಬೀದಿಯನ್ನು ನೋಡುತ್ತ ನಿಲ್ಲುತ್ತಿದ್ದಳು. ಚಳಿಗೆ ನಾನು ಕಂಬಳಿಯೊಳಗೆ ಪ್ರಶ್ನಾರ್ಥಕ ಚಿಹ್ನೆಯಾಗಿ ಮುದುಡಿದ್ದರೆ, ಅವಳು ಅಲ್ಲಿ ಆಶ್ಚರ್ಯಸೂಚಕದಂತೆ ನೆಟ್ಟಗೆ. ಯಾರಿಗಾಗಿ ಕಾಯುವುದು? ಮಾತಿನ ನಡುವೆ ಕೆನ್ನೆ, ಕತ್ತು ಒಮ್ಮೆಲೇ ಕೆಂಪಾಗುತ್ತಿದ್ದವು. ಐವತ್ತೊಂದನೆಯ ವಯಸ್ಸಿನಲ್ಲಿ ನಾಚಿಕೆಯೇ? ಅದೂ ಹೀರೇಕಾಯಿ ಹೆಚ್ಚುವಾಗ? ನನ್ನನ್ನು ನೋಡಿ ಅವಳು ನಾಚಿದ್ದು ಮದುವೆಯಾದ ಮೊದಲ ವರ್ಷ, ಒಂದೇ ಸಲ. ಅದೂ ನಾನು ಅಂಗಿಯನ್ನು ಒಳಮಗ್ಗುಲು ಹೊರಗಾಗಿ ತೊಟ್ಟು ಅವಳ ಗ್ರಂಥಾಲಯಕ್ಕೆ ಹೋಗಿದ್ದರಿಂದ. ಇನ್ನು, ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಎತ್ತಲೋ ನೋಡುವುದು, ಕೇಳಿದರೆ "ಏನಿಲ್ಲ" ಎನ್ನುವುದು. 'ಏನಿಲ್ಲ' ಎಂಬ ಪದಕ್ಕೆ 'ಏನೋ ಇದೆ' ಎಂದು ಅರ್ಥವೆಂಬುದನ್ನು ಹತ್ತನೆಯ ತರಗತಿಯ ಮಕ್ಕಳೇ ನನಗೆ ಕಲಿಸಿದ್ದಾರೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಆದರೆ ಒಂದು ಸೋಮವಾರ ಬೆಳಗ್ಗೆ, ಮುಖಕ್ಕೆ ಅರ್ಧ ಸೋಪು ಹಚ್ಚಿಕೊಂಡು ನಿಂತಿದ್ದಾಗ, ಬಚ್ಚಲ ಕಿಟಕಿಯಿಂದ ಅವಳ ಫೋನಿನ ಮಾತು ಕೇಳಿಸಿತು. ಹಿತ್ತಲ ಮೆಟ್ಟಿಲ ಮೇಲೆ ಕೂತು, ಎರಡು ಮನೆಯಾಚೆ ಇರುವ ಕಪ್ಪೆ ಮೇಡಂ ಜೊತೆ ಮಾತನಾಡುತ್ತಿದ್ದಳು.

ಕಪ್ಪೆ ಮೇಡಂ ಎಂದರೆ ನಮ್ಮ ಶಾಲೆಯಲ್ಲಿ ಜೀವಶಾಸ್ತ್ರ ಹೇಳುತ್ತಿದ್ದವರು. ಕೆಲಸಕ್ಕೆ ಸೇರಿದ ದಿನ ಅವರು ತಂದ ಬಾಟಲಿಯ ಕಪ್ಪೆ ಮುಖ್ಯೋಪಾಧ್ಯಾಯರ ಡ್ರಾಯರಿನಲ್ಲಿ ಪತ್ತೆಯಾದ್ದರಿಂದ ಆ ಬಿರುದು. ಅವರ ತರಗತಿಯ ಬಾಗಿಲು ಸದಾ ಮುಚ್ಚಿರುತ್ತಿತ್ತು, ಒಳಗಿನಿಂದ ಹುಡುಗಿಯರ ನಗು ಬರುತ್ತಿತ್ತು. ಜೀವಶಾಸ್ತ್ರದಲ್ಲಿ ನಗುವಂಥದ್ದೇನಿದೆ ಎಂದು ನನಗೆ ಆಗಿನಿಂದಲೂ ಸಂಶಯ.

ಕೇಳಿಸಿದ್ದು ಇಷ್ಟು:

"ಇಲ್ಲ ಮೇಡಂ, ಈ ತಿಂಗಳೂ ಅವನು ಬರಲೇ ಇಲ್ಲ... ಹೂಂ, ಅವಳು ಮಾತ್ರ ಬಂದಿದ್ದಳು. ಒಂದಿನ ಬಂದು ಕುಣಿದಾಡ್ತಾಳೆ, ಆಮೇಲೆ ನಾಲ್ಕು ದಿನ ಪತ್ತೇನೇ ಇಲ್ಲ. ಹಾಸಿಗೆ ಮೇಲೆ ಹಾಸಿಗೆ ಹಾಸಿಟ್ಟು ಹೋಗಿದಾಳೆ, ಸರಿ ಮಾಡೋಕೆ ಅವನಿಲ್ಲ... ಹಾಗಾದ್ರೆ ಅವನ ಬದಲಿಗೆ ಇನ್ನೊಬ್ಬನ್ನ ಕೊಡ್ತಾರಂತಾ? ಬರೀ ಹತ್ತು ದಿನಕ್ಕಾ?... ಅಯ್ಯೋ, ಇವರಿಗೆ ಮಾತ್ರ ಹೇಳಬೇಡಿ ಮೇಡಂ, ನಿಮ್ಮ ದಮ್ಮಯ್ಯ. ಗುರುವಾರ ಹನ್ನೊಂದಕ್ಕೆ. ಆಯ್ತು, ನೀರು ಜಾಸ್ತಿ ಕುಡಿದು, ಸಡಿಲವಾದ ಬಟ್ಟೆ ಹಾಕ್ಕೊಂಡು ಬರ್ತೀನಿ."

ಸೋಪು ಕಣ್ಣಿಗೆ ಇಳಿಯಿತು. ಉರಿ ಎಲ್ಲಿಯದೆಂದು ನನಗೆ ತಿಳಿಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಗದ್ದಲವೆಬ್ಬಿಸುತ್ತಿದ್ದರು. ನಾನು ಮೊದಲು ವಾಕ್ಯವಿಭಜನೆ ಮಾಡಿದೆ. ನಮ್ಮ ಭಾಷೆಯ ಕ್ರಿಯಾಪದದಂಥ ಪ್ರಾಮಾಣಿಕ ಸಾಕ್ಷಿ ಲೋಕದಲ್ಲಿಲ್ಲ. ಕರ್ತೃಪದವನ್ನು ಬಚ್ಚಿಡಬಹುದು, ಕ್ರಿಯಾಪದ ಅದರ ಲಿಂಗವನ್ನೂ ವಚನವನ್ನೂ ಬಾಲದಲ್ಲಿ ಕಟ್ಟಿಕೊಂಡು ಬಂದು ಎಲ್ಲವನ್ನೂ ಒಪ್ಪಿಸಿಬಿಡುತ್ತದೆ. ಅವಳು 'ಬಂತು' ಎಂದಿದ್ದರೆ ಬೆಕ್ಕೋ ಬಿಲ್ಲೋ ಎಂದು ಬಿಡಬಹುದಿತ್ತು. 'ಬಂದರು' ಎಂದಿದ್ದರೂ ಸಂಶಯದ ಲಾಭ ಕೊಡುತ್ತಿದ್ದೆ. ಬಹುವಚನದಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಆದರೆ 'ಅವನು'! ಪುಲ್ಲಿಂಗ, ಅದೂ ಏಕವಚನ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ನನಗೆ 'ನೀವು' ಎನ್ನುವವಳು ಯಾರನ್ನೋ ಏಕವಚನದಲ್ಲಿ ಕರೆಯಬೇಕಾದರೆ ಎಂಥ ಸಲುಗೆಯಿರಬೇಕು! ವ್ಯಾಕರಣದಲ್ಲಿ 'ನಾನು' ಎಂಬುದು ಉತ್ತಮ ಪುರುಷ, 'ಅವನು' ಎಂಬುದು ಪ್ರಥಮ ಪುರುಷ. ಈ ಪಾಠವನ್ನು ಸಾವಿರ ಸಲ ಹೇಳಿದ್ದೆ. ಮನೆಯಲ್ಲಿ ನಾನು ಬರಿಯ ಉತ್ತಮನಾಗಿ ಉಳಿದು, ಇನ್ನೊಬ್ಬ ಯಾರೋ ಪ್ರಥಮನಾಗಿದ್ದಾನೆಂಬ ಕ್ರೂರಾರ್ಥ ಅದರೊಳಗೆ ಅಡಗಿದೆ ಎಂದು ಅಂದೇ ಹೊಳೆದದ್ದು.

ಊಟದ ಹೊತ್ತಿಗೆ ಬಲೆ ಬೀಸಿದೆ.

"ಈ ತಿಂಗಳು ನಮ್ಮ ಮನೆಗೆ ಯಾರಾದರೂ ಬರುವವರಿದ್ದರೇನೇ?"

"ಯಾರು ಬರ್ತಾರೆ ನಮ್ಮನೆಗೆ? ಬಂದೋರ ಮಾತಲ್ಲಿ ತಪ್ಪು ಹುಡುಕಿ ಹುಡುಕಿ ಎಲ್ಲರನ್ನೂ ಓಡಿಸಿದೀರಲ್ಲ."

"ಬರಬೇಕಾದವರು ಬರದೆ ಹೋದರೆ ಬೇಸರವಾಗುತ್ತದೆ, ಅಲ್ಲವೇ?"

ಅವಳ ಮುಖ ಕೆಂಪಾಯಿತು. ಹಣೆಯಲ್ಲಿ ಬೆವರು. ತಟ್ಟೆ ದೂಡಿದಳು. "ರೀ, ಅದು... ಅದನ್ನ ಹಾಕಿ. ಏನದು... ಮೇಲೆ ತಿರುಗತ್ತಲ್ಲ..."

"ಫ್ಯಾನು" ಎಂದೆ. ಸುಮ್ಮನಿರಲಾರದೆ, "ಬೀಸಣಿಗೆ. ವ್ಯಜನ ಎಂದೂ ಹೇಳಬಹುದು" ಎಂದು ಸೇರಿಸಿದೆ.

ಅವಳ ಕಣ್ಣಲ್ಲಿ ನೀರು ತುಂಬಿತು. ಎದ್ದು ಒಳಗೆ ಹೋದಳು. ಮೇಲ್ವಿಚಾರಕನ ಭಾಷೆಯಲ್ಲಿ ಇದನ್ನು 'ಚೀಟಿ ಸಿಕ್ಕಿತು' ಎನ್ನುತ್ತಾರೆ.

ಗುರುವಾರ ಬೆಳಗ್ಗೆ ಅವಳು ಹತ್ತೂವರೆಯೊಳಗೆ ಎರಡು ಚೊಂಬು ನೀರು ಕುಡಿದಳು. ದೂರ ಪ್ರಯಾಣ ಹೊರಟವರು ಹಾಗೆ ಕುಡಿಯುವುದನ್ನು ನೋಡಿದ್ದೇನೆ. "ಲೈಬ್ರರೀಲಿ ಲೆಕ್ಕ ಹಾಕೋದಿದೆ" ಎಂದು ಹೊರಟಳು. ಗ್ರಂಥಾಲಯದ ವಾರದ ರಜಾದಿನ ಯಾವ ಲೆಕ್ಕ? ನಾನು ಮಂಕಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹಿಂದೆ ಬಿದ್ದೆ. ಅವಳು ನಿಂತಾಗ ನಿಂತೆ. ಹಳೆಯ ಪೇಪರಿನ ಅಂಗಡಿ, ಚಪ್ಪಲಿ ಹೊಲಿಯುವವನು, ಕೊನೆಗೆ ಒಂದು ವಿದ್ಯುತ್ ಕಂಬ, ಎಲ್ಲವನ್ನೂ ಆಳವಾಗಿ ಅಭ್ಯಾಸ ಮಾಡಿದೆ. ಚಪ್ಪಲಿ ಹೊಲಿಯುವವನು "ಏನ್ ಮೇಷ್ಟ್ರೇ, ಚಳಿನಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ನನ್ನ ವೇಷದ ಬಗ್ಗೆ ನನಗಿದ್ದ ಭರವಸೆ ಅಲ್ಲಿಗೆ ಮುಗಿಯಿತು.

ಅವಳು ಮೂರಂತಸ್ತಿನ ಒಂದು ಕಟ್ಟಡದೊಳಗೆ ಹೋದಳು. ಕೆಳಗೆ ಕನ್ನಡಕದ ಅಂಗಡಿ. ಮೊದಲ ಮಹಡಿಯಲ್ಲಿ 'ದೂರಪ್ರಯಾಣದ ಟಿಕೆಟ್‌ಗಳು ಇಲ್ಲಿ ದೊರೆಯುತ್ತವೆ' ಎಂಬ ಫಲಕ. ಇದು ಓಡಿಹೋಗುವ ಸಿದ್ಧತೆಯೇ! ಏದುಸಿರು ಬಿಡುತ್ತ ಏರಿದೆ. ಟಿಕೆಟ್ ಕಚೇರಿಯಲ್ಲಿ ಯಾರೂ ಇಲ್ಲ. ಅವಳ ಹೆಜ್ಜೆಯ ಸದ್ದು ಇನ್ನೂ ಮೇಲೆ ಹೋಯಿತು. ಇಬ್ಬರೂ ಕೂಡಿ ಇಳಿದು ಬರಲೆಂದು ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಕಾದು, ತಡೆಯಲಾರದೆ ಮೇಲಕ್ಕೋಡಿದೆ. ಎರಡನೆಯ ಮಹಡಿಯ ಗಾಜಿನ ಬಾಗಿಲನ್ನು ನೂಕಿಕೊಂಡು ಒಳನುಗ್ಗಿದೆ. ಫಲಕ ಓದಲಿಲ್ಲ. ಬದುಕಿನಲ್ಲಿ ನಾನು ಓದದೆ ಬಿಟ್ಟ ಒಂದೇ ಫಲಕ ಅದು.

ಮೇಜಿನ ಹಿಂದಿದ್ದ ಹುಡುಗಿ ದೊಡ್ಡ ಪುಸ್ತಕದಲ್ಲಿ ಬರೆಯುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ಎಷ್ಟು ತಿಂಗಳಾಯ್ತು?"

ಇವಳಿಗೂ ವಿಷಯ ಗೊತ್ತು! "ಮೂರು ತಿಂಗಳಿಂದ ಅನುಮಾನ" ಎಂದೆ, ಉಸಿರು ಸಿಕ್ಕಿದಷ್ಟು.

"ಮೂರು" ಎಂದು ಬರೆದುಕೊಂಡಳು. "ವಾಂತಿ ಇದೆಯಾ?"

"ವಾಂತಿಯೇ? ಊಟವೇ ಸೇರುತ್ತಿಲ್ಲ!"

"ಅದು ಸಹಜ. ನೀರು ಕುಡಿದು ಬಂದಿದೀರಾ?" ಎಂದು ಅವಳು ತಲೆಯೆತ್ತಿದಳು. ಮಂಕಿ ಟೋಪಿಯನ್ನೂ, ಅದರ ಕೆಳಗಿನ ಬಿಳಿ ಮೀಸೆಯನ್ನೂ ಕಂಡು ಪೆನ್ನು ಕೆಳಗಿಟ್ಟಳು.

ನಾನು ಸುತ್ತ ನೋಡಿದೆ. ಕುರ್ಚಿಗಳ ತುಂಬ ಹೆಂಗಸರು. ಅರ್ಧಕ್ಕರ್ಧ ಬಸುರಿಯರು. ಗೋಡೆಯ ಮೇಲೆ ನಗುವ ಕೂಸುಗಳು. ಆದರೂ ಬಾಯಿಗೆ ಬಂದದ್ದು ಬಂದೇ ಬಿಟ್ಟಿತು:

"ಇಲ್ಲಿಗೆ ಒಬ್ಬ ಗಂಡಸು ಬಂದಿದ್ದಾನೆ. ಎಲ್ಲಿ ಅವನು?"

ಮೂಲೆಯಲ್ಲೊಂದು ವೃತ್ತಪತ್ರಿಕೆ ಕೆಳಗಿಳಿಯಿತು. ಅದರ ಹಿಂದೆ ಕಪ್ಪೆ ಮೇಡಂ. "ಮೇಷ್ಟ್ರೇ, ಈ ಮಹಡೀಲಿ ಇರೋ ಗಂಡಸು ನೀವೊಬ್ಬರೇ. ಮೊದಲು ಆ ಟೋಪಿ ತೆಗೀರಿ, ಆ ಪಾಪದ ಹುಡುಗಿಗೆ ಗಾಬರಿಯಾಗಿದೆ."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ನನ್ನ ಹೆಂಡತಿ ಬಂದಳು, ಹಿಂದೆಯೇ ಡಾಕ್ಟರಮ್ಮ. ಡಾಕ್ಟರಮ್ಮ ನನಗೂ ಕಪ್ಪೆ ಮೇಡಂಗೂ ಹಳೆಯ ವಿದ್ಯಾರ್ಥಿನಿ. ಕಪ್ಪೆ ಮೇಡಂ ವಿಷಯದಲ್ಲಿ ತರಗತಿಗೇ ಮೊದಲು, ನನ್ನ ವಿಷಯದಲ್ಲಿ ಸವರ್ಣದೀರ್ಘ ಸಂಧಿಯ ಹತ್ತಿರ ಸದಾ ಎಡವುವವಳು.

"ಇವರ‍್ಯಾಕೆ ಇಲ್ಲಿ?" ಎಂದಳು ನನ್ನ ಹೆಂಡತಿ.

"ಅವನು ಯಾರು?" ಎಂದೆ.

"ಯಾರವನು?"

"ತಿಂಗಳು ತಿಂಗಳು ಬರುವವನು. ಈಗ ಬಾರದವನು. ಬದಲಿಗೆ ಹತ್ತು ದಿನಕ್ಕೆ ಇನ್ನೊಬ್ಬನನ್ನು ಕೊಡುತ್ತೇವೆಂದು ಇವರೆಲ್ಲ ಸೇರಿ ಯಾರನ್ನು ಗೊತ್ತುಮಾಡಿದ್ದಾರೋ, ಅವನು!"

ಕಪ್ಪೆ ಮೇಡಂ ನಕ್ಕ ನಗುವಿಗೆ ಒಬ್ಬ ತುಂಬು ಬಸುರಿ ಹೊಟ್ಟೆ ಹಿಡಿದುಕೊಂಡು "ನಗಿಸಬೇಡಿ ಮೇಡಂ, ಇನ್ನೂ ಎರಡು ವಾರ ಇದೆ" ಎಂದಳು. ಮುಚ್ಚಿದ ಬಾಗಿಲ ಹಿಂದೆ ನಾನು ವರ್ಷಗಟ್ಟಲೆ ಕೇಳಿದ ನಗುವಿನ ಮೂಲ ಕೊನೆಗೂ ಗೊತ್ತಾಯಿತು. ಡಾಕ್ಟರಮ್ಮ ನಮ್ಮನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕಿದಳು.

"ಮೇಷ್ಟ್ರೇ," ಎಂದರು ಕಪ್ಪೆ ಮೇಡಂ ಕಣ್ಣೊರೆಸಿಕೊಂಡು, "ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅಂತ ಶುರು ಮಾಡಿದ್ರೆ ಹುಡುಗೀರು ತಲೆ ತಗ್ಗಿಸಿಬಿಡೋರು. ಅದಕ್ಕೆ ನಾನು ಗರ್ಭಕೋಶಾನ ಒಂದು ಮನೆ ಮಾಡಿ ಹೇಳ್ತಿದ್ದೆ, ಇವರಿಗೂ ಹಾಗೇ ಹೇಳಿದೆ. ಈಸ್ಟ್ರೋಜನ್ ಮನೆ ಸೊಸೆ. ತಿಂಗಳ ಮೊದಲರ್ಧದಲ್ಲಿ ಬಂದು, ನೆಂಟರು ಬರಬಹುದು ಅಂತ ಹಾಸಿಗೆ ದಪ್ಪ ದಪ್ಪಗೆ ಹಾಸ್ತಾಳೆ. ಪ್ರೊಜೆಸ್ಟರಾನ್ ಮೈದುನ. ಆಮೇಲೆ ಬರ್ತಾನೆ. 'ಸಾಕು ಅತ್ತಿಗೆ' ಅಂತ ಅವಳನ್ನ ತಡೆದು, ಹಾಸಿದ್ದನ್ನ ಒಪ್ಪ ಮಾಡ್ತಾನೆ. ನೆಂಟರು ಬರಲಿಲ್ಲ ಅಂದ್ರೆ ಇಬ್ಬರೂ ಎದ್ದು ಹೋಗ್ತಾರೆ, ಹಾಸಿಗೆ ಎಲ್ಲ ತೊಳೆದುಹೋಗತ್ತೆ. ಅದೇ ಮುಟ್ಟು. ಮುಟ್ಟು ನಿಲ್ಲೋ ಇವರ ವಯಸ್ಸಲ್ಲಿ ಮೊದಲಿಗೆ ಮೈದುನ ಬರೋದು ತಪ್ಪಿಸ್ತಾನೆ. ಸೊಸೆ ಒಂದಿನ ಜೋರು, ಒಂದಿನ ನಾಪತ್ತೆ. ತಲೆಯೊಳಗೆ ಒಬ್ಬಳು ಅತ್ತೆ ಇದಾಳೆ, 'ಎಲ್ಲಿ ಸತ್ತೆಯೇ, ಕೆಲಸಕ್ಕೆ ಬಾ' ಅಂತ ಸೊಸೆ ಮೇಲೆ ಕೂಗ್ತಾನೇ ಇರ್ತಾಳೆ."

"ಆ ಮನೆಯಲ್ಲಿ ಗಂಡನಿಲ್ಲವೇ?" ಎಂದೆ.

"ಇದಾನೆ. ಬಾಗಿಲ ಹೊರಗೆ ನಿಂತು ಅನುಮಾನ ಪಡ್ತಿದಾನೆ."

ನಾನು ಟೋಪಿಯನ್ನು ಮಡಚಿ ಜೇಬಿಗಿಟ್ಟೆ. "ಹಾರ್ಮೋನು ನಪುಂಸಕಲಿಂಗ. 'ಅವನು ಬಂದ' ಎನ್ನುವುದು ಶುದ್ಧ ತಪ್ಪು. 'ಅದು ಬಂತು' ಎಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ" ಎಂದು ಕೊನೆಯ ಕೋಟೆಯನ್ನು ಹಿಡಿದು ನಿಂತೆ.

ಆಗ ನನ್ನ ಹೆಂಡತಿ ಮಾತಾಡಿದಳು. ಗಟ್ಟಿಯಾಗಿ ಅಲ್ಲ.

"ಇದಕ್ಕೇ ರೀ ನಿಮಗೆ ಹೇಳಲಿಲ್ಲ. ಪುಸ್ತಕದ ಹೆಸರು ಬಾಯಿಗೆ ಬರಲ್ಲ. ಓದೋರು ಕೇಳ್ತಾರೆ, ಪುಸ್ತಕ ಕಣ್ಣಿಗೆ ಕಟ್ಟತ್ತೆ, ಕಪಾಟು ಕಾಣತ್ತೆ, ಹೆಸರು ಮಾತ್ರ ಇಲ್ಲ. ನಿಂತುಬಿಡ್ತೀನಿ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನನ್ನೇ 'ಯಾರಮ್ಮ ನೀನು' ಅಂದಳು, ನೆನಪಿದೆಯಾ? ಮೂರು ವಾರದಿಂದ ಕೆಲಸ ಬಿಡ್ತೀನಿ ಅಂತ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡು ಓಡಾಡ್ತಿದೀನಿ. ನಿಮ್ಮ ಹತ್ರ ಬಂದು ಹೇಳೋಣ ಅಂದ್ರೆ, ನನಗೆ ಒಂದು ಪದ ಸಿಗದೇ ಇದ್ರೆ ನೀವು ಮೂರು ಕೊಡ್ತೀರಿ. ವ್ಯಜನ ಅಂತೆ!"

ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ಅಂದು ತನ್ನ ಮೇಲೆ ಎಲ್ಲಿ ಎಳೆದುಕೊಳ್ಳಬೇಕೆಂದು ತಿಳಿಯಲಿಲ್ಲ. ಡಾಕ್ಟರಮ್ಮನ ಕಡೆ ನೋಡಿದೆ.

"ಮರೆವಿನ ಕಾಯಿಲೆ ಅನ್ನೋ ಲಕ್ಷಣ ಏನೂ ಕಾಣಲಿಲ್ಲ ಮೇಷ್ಟ್ರೇ. ಪರೀಕ್ಷೆ ಮಾಡಿ ನೋಡಿದೀನಿ" ಎಂದಳು ಡಾಕ್ಟರಮ್ಮ. "ಸೊಸೆಗೆ ತಲೆಯಲ್ಲೂ ಕೆಲಸ ಇದೆ. ಮೈ ಬಿಸಿ ಎಷ್ಟಿರಬೇಕು ಅಂತ ನೋಡ್ಕೊಳ್ಳೋ ಜಾಗದಲ್ಲಿ ಅವಳದ್ದೊಂದು ಕೈ. ನಿದ್ದೆಗೊಂದು ಕೈ, ಮನಸ್ಸಿಗೆ, ಮಾತಿಗೆ ಪದ ಹುಡುಕಿಕೊಡೋದಕ್ಕೆ ಇನ್ನೊಂದು ಕೈ. ಅವಳು ಹೇಳದೆ ಕೇಳದೆ ರಜಾ ಹಾಕಿದ್ರೆ ಚಳೀಲೂ ಮೈ ಉರಿಯತ್ತೆ, ನಿದ್ದೆ ಹೋಗತ್ತೆ, ನಿದ್ದೆ ಇಲ್ಲದ ತಲೆಗೆ ಪದ ಸಿಗಲ್ಲ. ಬಹಳ ಜನರಿಗೆ ತಲೆ ಈ ಬದಲಾವಣೆಗೆ ಹೊಂದಿಕೊಂಡ ಮೇಲೆ ತಾನಾಗಿ ಸುಧಾರಿಸತ್ತೆ. ಹಾಸಿಗೆ ಸ್ವಲ್ಪ ದಪ್ಪ ಆಗಿದೆ, ಕೆಟ್ಟದ್ದೇನೂ ಇಲ್ಲ. ಮೈದುನನ ಬದಲಿಗೆ ಹತ್ತು ದಿನ ಮಾತ್ರೆ ಕೊಡ್ತೀನಿ. ಅರ್ಜಿ ಹರಿದುಹಾಕಿ ಅಂತ ಇವರಿಗೆ ಹೇಳಿದೀನಿ."

ನನ್ನ ಹೆಂಡತಿ ಚೀಲದಿಂದ ಅರ್ಜಿಯನ್ನು ತೆಗೆದಳು. ನಾನು ಇಸಿದುಕೊಂಡೆ. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ನೋಡಿದೆ, ಬಾಯಿ ಮುಚ್ಚಿಕೊಂಡು ಹರಿದೆ. (ಇದನ್ನು ನನ್ನ ಬದುಕಿನ ಮಹಾತ್ಯಾಗವೆಂದು ಪರಿಗಣಿಸಬೇಕಾಗಿ ವಿನಂತಿ.)

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಪಶ್ಚಾತ್ತಾಪ ಪಟ್ಟ ಸಜ್ಜನನಾಗಿ ಉಳಿಯುತ್ತಿದ್ದೆ. ಆದರೆ ಏಳುವಾಗ, ಉದಾರಿಯಂತೆ ಕಾಣಲೆಂದು ಒಂದು ಮಾತು ಸೇರಿಸಿದೆ: "ಹೆಂಗಸರ ಕಷ್ಟ ಗಂಡಸರಿಗೆ ಹೇಗೆ ತಿಳಿಯಬೇಕು? ನಮ್ಮ ಮೈಯಲ್ಲಿ ಈ ಸೊಸೆಯಿಲ್ಲವಲ್ಲ."

ಕಪ್ಪೆ ಮೇಡಂ ಮತ್ತೆ ಕುರ್ಚಿಯಲ್ಲಿ ಕೂತರು. "ಯಾರು ಹೇಳಿದ್ದು? ಗಂಡಸರಲ್ಲೂ ಇರ್ತಾಳೆ. ಎಲುಬು ಗಟ್ಟಿ ಇರೋಕೆ ಅವಳು ಬೇಕು. ನಿಮ್ಮ ಗಂಡು ಹಾರ್ಮೋನೇ ಅಷ್ಟಷ್ಟು ಅವಳಾಗಿ ಬದಲಾಗತ್ತೆ."

"ಪುಲ್ಲಿಂಗ ಸ್ತ್ರೀಲಿಂಗವಾಗುವುದೇ!"

"ಹೂಂ. ಕೊಬ್ಬಿರೋ ಕಡೆ ಈ ಕೆಲಸ ಚೆನ್ನಾಗಿ ನಡೆಯತ್ತೆ." ಅವರ ಕಣ್ಣು ನನ್ನ ಅಂಗಿಯ ನಾಲ್ಕನೆಯ ಗುಂಡಿಯ ಮೇಲೆ ನಿಂತಿತು. ಅದು ಆಗಲೇ ತನ್ನ ಶಕ್ತಿ ಮೀರಿ ದುಡಿಯುತ್ತಿತ್ತು.

ಡಾಕ್ಟರಮ್ಮ ಬೆಂಕಿಗೆ ತುಪ್ಪ ಸುರಿದಳು. "ನಿಜ ಮೇಷ್ಟ್ರೇ. ಮುಟ್ಟು ಪೂರ್ತಿ ನಿಂತ ಹೆಂಗಸಿಗಿಂತ ಅದೇ ವಯಸ್ಸಿನ ಗಂಡಸಿನ ರಕ್ತದಲ್ಲಿ ಸಾಮಾನ್ಯವಾಗಿ ಅವಳು ಹೆಚ್ಚೇ ಇರ್ತಾಳೆ."

ನನ್ನ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮೂವತ್ತನಾಲ್ಕು ವರ್ಷ ನಾನು ಪರೀಕ್ಷಾರ್ಥಿಗಳನ್ನು ನೋಡಿದ ಅದೇ ನೋಟ.

"ಅಂದ್ರೆ, ನನ್ನ ಬಿಟ್ಟು ಹೊರಟೋಳು ಇವರ ಹತ್ರ ಸುಖವಾಗಿ ಇದಾಳೆ ಅನ್ನಿ."

"ನಾನು ಕರೆಯಲಿಲ್ಲ ಕಣೇ, ಅದು ತಾನಾಗಿ..."

"ಎಷ್ಟು ವರ್ಷದಿಂದ?"

"ನನಗೇನು ಗೊತ್ತು?"

"ನೋಡಿದ್ರಾ ಮೇಡಂ? ಮನೇಲಿ ಇಟ್ಕೊಂಡಿದಾರೆ, ಯಾವಾಗಿಂದ ಅಂದ್ರೆ ಗೊತ್ತಿಲ್ಲ ಅಂತಾರೆ. ನನ್ನ ಹಿಂದೆ ಟೋಪಿ ಹಾಕ್ಕೊಂಡು ಬಂದಿದ್ರು, ಅನುಮಾನ ಅಂತೆ ಅನುಮಾನ!" ಎಂದು ಹೇಳಿ ನಕ್ಕಳು. ಮೂರು ತಿಂಗಳ ಮೇಲೆ ಕೇಳಿದ ಆ ನಗುವಿಗೆ ನನ್ನ ಹೊಟ್ಟೆಯನ್ನೇ ಕೊಟ್ಟೇನೆಂದು ಅನ್ನಿಸಿತು. ಅಂದುಕೊಂಡದ್ದನ್ನು ಅವಳು ಹೇಗೋ ಕೇಳಿಸಿಕೊಂಡಿರಬೇಕು.

ಇದಾಗಿ ಏಳು ತಿಂಗಳು. ನನ್ನ ಹೆಂಡತಿ ಗ್ರಂಥಾಲಯದ ಮೇಜಿನ ಹಿಂದೆಯೇ ಇದ್ದಾಳೆ. ಹೆಸರು ಬಾಯಿಗೆ ಬಾರದ ದಿನ ಓದುಗರಿಗೆ "ಒಂದು ನಿಮಿಷ ಇರಿ, ಬರತ್ತೆ" ಎನ್ನುತ್ತಾಳೆ, ಬರುತ್ತದೆ. ಮನೆಯಲ್ಲಿ ಅವಳು ಪದಕ್ಕಾಗಿ ತಡಕಾಡಿದಾಗ ನಾನು ಸೂರು ನೋಡುತ್ತ ಕಾಯುತ್ತೇನೆ. ಮೂರು ಪರ್ಯಾಯ ಪದಗಳು ಗಂಟಲಲ್ಲಿ ಸಿಕ್ಕಿಕೊಂಡು ಒದ್ದಾಡುತ್ತವೆ, ಬಿಡುವುದಿಲ್ಲ. ಬೆಳಗ್ಗೆ ಆರಕ್ಕೆ ಅವಳು ನನ್ನನ್ನು ಎಬ್ಬಿಸಿ ಬೀದಿಯುದ್ದಕ್ಕೂ ನಾಲ್ಕು ಸುತ್ತು ಓಡಿಸುತ್ತಾಳೆ, ತಾನು ಕೈಬೀಸಿಕೊಂಡು ಹಿಂದಿನಿಂದ ಬರುತ್ತಾಳೆ. ಶನಿವಾರ ಟೇಪಿನಿಂದ ನನ್ನ ಸೊಂಟದ ಅಳತೆ.

ಕಳೆದ ವಾರ ಎದುರುಮನೆಯ ಅಜ್ಜಿ ಗೇಟಿನ ಬಳಿ ನಿಂತು ಮರುಗಿದರು: "ಪಾಪ, ಈ ವಯಸ್ಸಲ್ಲಿ ಮೇಷ್ಟ್ರನ್ನ ಯಾಕಮ್ಮ ಹೀಗೆ ಓಡಿಸ್ತೀಯ?"

"ಇವರನ್ನ ಯಾರು ಓಡಿಸ್ತಿದಾರೆ ಅಜ್ಜಿ?" ಎಂದಳು ನನ್ನ ಹೆಂಡತಿ, ಇಡೀ ಬೀದಿಗೆ ಕೇಳುವಂತೆ. "ನಾನು ಓಡಿಸ್ತಿರೋದು ಅವಳನ್ನ. ನಂಗೆ ಗೊತ್ತಾಗದ ಹಾಗೆ ಎಷ್ಟೋ ವರ್ಷದಿಂದ ಇಟ್ಕೊಂಡಿದಾರೆ."

ಅಜ್ಜಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮೂರು ಮನೆಗಳ ಕಿಟಕಿ ಬಾಗಿಲು ತೆರೆದವು. ನಾನು ಓಡುವುದನ್ನು ನಿಲ್ಲಿಸಿ, ಏದುಸಿರಿನ ನಡುವೆ, 'ಅವಳು' ಎಂಬುದು ಇಲ್ಲಿ ನಿಜವಾಗಿ ನಪುಂಸಕಲಿಂಗವೆಂದೂ, 'ಅದು' ಎಂದು ತಿದ್ದಿ ಓದಿಕೊಳ್ಳಬೇಕೆಂದೂ ವಿವರಿಸಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವರ್ಷ ಇಟ್ಕೊಂಡು, ಈಗ ಅವಳನ್ನ 'ಅದು' ಅಂತ ಬೇರೆ ಅಂತೀರಾ ಮೇಷ್ಟ್ರೇ!" ಎಂದು ಗೇಟು ಹಾಕಿಕೊಂಡರು.

ಬೀದಿಯಲ್ಲಿ ಈಗ ಯಾರೂ ನನ್ನನ್ನು ಮಾತಾಡಿಸುತ್ತಿಲ್ಲ. ನನ್ನ ಹೆಂಡತಿ ಮಾತ್ರ ಬೆಳಗ್ಗೆ ಬೆಳಗ್ಗೆ ಎಲ್ಲ ಗೇಟುಗಳಲ್ಲೂ ನಿಂತು, ಸಿಕ್ಕ ಸಹಾನುಭೂತಿಯನ್ನೆಲ್ಲ ಗಂಭೀರವಾಗಿ ಸ್ವೀಕರಿಸುತ್ತ, ನಿಧಾನವಾಗಿ ನಡೆದು ಬರುತ್ತಿದ್ದಾಳೆ.